ಲಕ್ಷದ್ವೀಪದ ಹೆಣ್ಣುಮಕ್ಕಳ ಹಕ್ಕುಬಾಧ್ಯತೆ



ನಮ್ಮ ಪಡುವಣ ಕಡಲಿನಾಚೆ ಇರುವ ಲಕ್ಷದ್ವೀಪದ ಹೆಸರನ್ನು ತಾವು ಕೇಳಿರಬಹುದು. ಎಲ್ಲ ದ್ವೀಪಗಳೂ ಸೇರಿ ನೆಲ ಸುಮಾರು 32 ಚದರ ಕಿಲೋಮೀಟರು. 2011ರ ಜನಗಣತಿಯಂತೆ ಜನಸಂಖ್ಯೆ 64,473. ತೆಂಗು ಮತ್ತು ಮೀನು ಅಲ್ಲಿಯವರ ಜೀವನಾಧಾರ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರ ನವೆಂಬರ್ 1ರಂದು ಕೇಂದ್ರಾಡಳಿತಕ್ಕೆ ಸೇರುವ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇದ್ದವು.

ದ್ವೀಪವಾಸಿಗಳು ಬಹುತೇಕ ಮುಸಲ್ಮಾನರು. ಆದರೂ ಅವರಲ್ಲಿ ಕುಟುಂಬ ತಾಯಿಯ ಕಡೆಯಿಂದ ಸಾಗುತ್ತದೆ. ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಇದು ಹೊಸತಲ್ಲ.

ಎರಡು ಬಗೆಯ ಸ್ವತ್ತು

ಒಂದು, ಶುಕ್ರವಾರದ ಸ್ವತ್ತು. ಇದು ತರವಾಡಿನ, ಅಂದರೆ ತಾಯಿಮನೆತನದ, ಒಟ್ಟು ಆಸ್ತಿ. ಗಂಡಸು ಬದುಕಿರುವ ತನಕ ಇದರ ಫಲ ಉಣ್ಣಬಹುದು. ಅವನ ತರುವಾಯ ಅದು ಅವನ ಮಕ್ಕಳಿಗೆ ಹೋಗದೆ ಅಕ್ಕತಂಗಿಯರ ಮಕ್ಕಳಿಗೆ ಉಳಿಯುತ್ತದೆ.

ಎರಡು, ಸೋಮವಾರದ ಸ್ವತ್ತು. ಇದು ಸ್ವಂತ ದುಡಿಮೆಯ ಗಳಿಕೆ. ಇದಕ್ಕೆ ಇಸ್ಲಾಮೀ ಧರ್ಮಶಾಸ್ತ್ರದ ಪಾಲು. ಒಬ್ಬನಿಗೆ 30 ತೆಂಗಿನ ಮರಗಳಿವೆ ಎನ್ನೋಣ. ಒಬ್ಬ ಮಗ, ಒಬ್ಬ ಮಗಳು, ಬೇರೆ ವಾರಸುದಾರರಿಲ್ಲ. ಆಗ ಮಗನಿಗೆ 20, ಮಗಳಿಗೆ 10.

ಆದುದರಿಂದ ಆಸ್ತಿ ಯಾವ ಬಗೆಯದು ಎಂಬುದರ ಮೇಲೆ ಹೆಣ್ಣಿನ ಹಕ್ಕು ನಿಂತಿದೆ. ತರವಾಡಿನ ತೋಟ ಒಬ್ಬ ಗಂಡಸಿನ ಸ್ವಂತ ಗಳಿಕೆಯೆಂದು ದಾಖಲೆಯಾದರೆ, ಹೆಣ್ಣುಮಕ್ಕಳ ಪಾಲು ಸದ್ದಿಲ್ಲದೆ ಕುಗ್ಗುತ್ತದೆ.

ಮದುವೆಯಾದ ಮೇಲೆ

ಹಳೆಯ ಪದ್ಧತಿಯಂತೆ ಹೆಂಡತಿ ತಾಯಿಮನೆಯಲ್ಲಿಯೇ ಇರುತ್ತಾಳೆ. ಗಂಡ ರಾತ್ರಿ ಅಲ್ಲಿಗೆ ಬಂದು ಹೋಗುತ್ತಾನೆ. ಸಂಬಂಧ ಮುರಿದರೂ ಅವಳು ಬೀದಿಗೆ ಬೀಳುವುದಿಲ್ಲ; ಮಕ್ಕಳೂ ತಾಯಿಯ ತರವಾಡಿನವರೇ. ಸೂರು ತನ್ನದಾಗಿರುವುದಕ್ಕಿಂತ ದೊಡ್ಡ ರಕ್ಷಣೆ ಹೆಣ್ಣಿಗೆ ಬೇರೊಂದಿಲ್ಲ.

ಇದರ ಮೇಲೆ ದೇಶದ ಕಾಯಿದೆಗಳೂ ಅಲ್ಲಿ ನಡೆಯುತ್ತವೆ. 1961ರ ಕಾಯಿದೆಯಂತೆ ವರದಕ್ಷಿಣೆ ಅಪರಾಧ. 2005ರ ಕಾಯಿದೆ ಮನೆಯೊಳಗಿನ ಹಿಂಸೆಯಿಂದ ರಕ್ಷಣೆ ಕೊಡುತ್ತದೆ. 2019ರ ಕಾಯಿದೆಯಂತೆ ಒಂದೇ ಉಸಿರಿಗೆ ಮೂರು ಸಲ ಹೇಳಿದ ತಲಾಖ್ ಊರ್ಜಿತವಲ್ಲ. ಹೇಳಿದವನಿಗೆ 3 ವರ್ಷಗಳವರೆಗೆ ಸೆರೆವಾಸ ಆಗಬಹುದು. ವ್ಯಾಜ್ಯ ಮೇಲಕ್ಕೆ ಹೋದರೆ ಕೇರಳದ ಹೈಕೋರ್ಟು ವಿಚಾರಿಸುತ್ತದೆ.

ನಾವು ಕಲಿಯಬೇಕಾದುದು

ನಮ್ಮಲ್ಲಿ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿದೆ. ಆದರೆ ಕಾಯಿದೆಯ ಹಕ್ಕು ಕಾಗದದಲ್ಲಿ ಕಾಣದಿದ್ದರೆ ಕೈಗೆ ಬಾರದು. ಆದ್ದರಿಂದ:

1. ಜಮೀನಿನ ಪಹಣಿ ತೆಗೆಸಿ, ಯಾರ ಹೆಸರಿದೆ ಎಂದು ಮನೆಯ ಹೆಂಗಸರಿಗೂ ಓದಿ ಹೇಳಿರಿ.

2. ಹಕ್ಕು ಬಿಡುಗಡೆ ಪತ್ರಕ್ಕೆ ಹೆಣ್ಣುಮಕ್ಕಳಿಂದ ಅವಸರದಲ್ಲಿ ಸಹಿ ಹಾಕಿಸಬೇಡಿರಿ. ತಾಯಂದಿರೇ, ಅಕ್ಕಂದಿರೇ, ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಬೇಡಿರಿ.

3. ಸಂಶಯ ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ. 1987ರ ಕಾಯಿದೆಯಂತೆ ಹೆಂಗಸರಿಗೆ ವರಮಾನ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಲಕ್ಷದ್ವೀಪದ ಹೆಣ್ಣುಮಗಳಿಗೂ ಇದೇ ಸೌಲಭ್ಯವಿದೆ.

ಮಗಳ ಪಾಲನ್ನು ತಂದೆ ತಾನಿರುವಾಗಲೇ ಕಾಗದದಲ್ಲಿ ಸರಿಪಡಿಸಿಟ್ಟರೆ ಅಣ್ಣತಂಗಿಯರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗುವುದಿಲ್ಲ.