ರಂಜಕ: ಚಿಟಿಕೆ ಮದ್ದಿನ ಕಸುಬು

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಕಾಡುಹಂದಿ, ಮಂಗಗಳಿಂದ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೇಪಿನ ಕೋವಿಗಳು ಇಂದಿಗೂ ಇವೆ. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಬರುತ್ತವೆ. ಇವುಗಳ ಹಿಂದಿನ ತಲೆಮಾರು ಚಕಮಕಿ ಕೋವಿ. ಅದರ ಕುದುರೆ, ಅಂದರೆ ಬಡಿಯುವ ಕೀಲು, ಕಚ್ಚಿಕೊಂಡ ಕಲ್ಲು ಉಕ್ಕಿನ ಮುಚ್ಚಳಕ್ಕೆ ಬಡಿಯುತ್ತದೆ, ಮುಚ್ಚಳ ಮುಂದಕ್ಕೆ ಮಗುಚುತ್ತದೆ, ಕಿಡಿ ಕೆಳಗಿನ ಪುಟ್ಟ ಬಟ್ಟಲಿಗೆ ಉದುರುತ್ತದೆ. ಅಲ್ಲಿರುವ ನುಣ್ಣನೆಯ ಮದ್ದೇ ರಂಜಕ. ಅದರ ಉರಿ ನಳಿಗೆಯ ಪಕ್ಕದ ಸಣ್ಣ ತೂತು ಹಾಯ್ದು ಒಳಗಿನ ಮದ್ದನ್ನು ಮುಟ್ಟಿದರೆ ಮಾತ್ರ ಗುಂಡು ಹೊರಡುತ್ತದೆ. ಕೋವಿಯ ಹಿರಿಮೆಯನ್ನು ನಾವು ನಳಿಗೆಯ ಉದ್ದದಲ್ಲಿ, ಹಿಡಿಯ ಕೆತ್ತನೆಯಲ್ಲಿ ಅಳೆಯುತ್ತೇವೆ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಕರಾವಳಿಯಲ್ಲಿ ಕೋವಿಯ ಹಣೆಬರಹ ಬರೆಯುತ್ತಿದ್ದುದು ಆ ಚಿಟಿಕೆ ರಂಜಕವೇ.

ಇದಕ್ಕೆ ಗಟ್ಟಿ ಸಾಕ್ಷಿ ದೂರದ ಇಂಗ್ಲೆಂಡಿನದು. 1834ರಲ್ಲಿ ವುಲಿಚ್‌ನಲ್ಲಿ ನಡೆದ ಪರೀಕ್ಷೆಯಲ್ಲಿ ಚಕಮಕಿ ಕೋವಿಗಳ 6,000 ಈಡುಗಳಲ್ಲಿ 922 ಹಾರಲೇ ಇಲ್ಲ. ಕೇಪಿನ ಕೋವಿಗಳ ಅಷ್ಟೇ ಈಡುಗಳಲ್ಲಿ ಹುಸಿ ಹೋದದ್ದು 36. ಮುಖ್ಯ ವ್ಯತ್ಯಾಸ ಬೆಂಕಿ ಹೊತ್ತಿಸುವ ಜಾಗದಲ್ಲಿತ್ತು: ಒಂದರಲ್ಲಿ ಬಟ್ಟಲ ರಂಜಕ, ಇನ್ನೊಂದರಲ್ಲಿ ಬಡಿದರೆ ಸಿಡಿಯುವ ಕೇಪು. ತಪ್ಪು ಸವೆದ ಕಲ್ಲಿನದು, ರಂಜಕದ್ದಲ್ಲ ಎಂದು ಯಾರಾದರೂ ಹೇಳಬಹುದು. ಮಾತು ಅರ್ಧ ನಿಜ. ಆದರೆ ಕಲ್ಲಿನ ಸವೆತ ಕಣ್ಣಿಗೆ ಕಾಣುತ್ತದೆ, ತಿರುಗಿಸಿ ಬಿಗಿದರೆ ಕೆಲಸ ಸಾಗುತ್ತದೆ. ರಂಜಕವನ್ನೋ ಪ್ರತಿ ಈಡಿಗೂ ಹೊಸದಾಗಿ ಹಾಕಬೇಕು. ಕಿಡಿ ಬಿದ್ದು, ಬಟ್ಟಲಲ್ಲಿ ಭಗ್ಗೆಂದು ಉರಿದು, ಒಳಗಿನ ಮದ್ದು ಸುಮ್ಮನೆ ಕೂತರೆ ಅದಕ್ಕೆ ಕಲ್ಲನ್ನು ದೂರುವಂತಿಲ್ಲ.

ಹಾಗಾದರೆ ಬಟ್ಟಲು ತುಂಬ ಸುರಿದರಾಯಿತಲ್ಲ? ಆಗುವುದಿಲ್ಲ. ಸುರಿದ ಮದ್ದು ತೂತಿನೊಳಕ್ಕೆ ಗಿಡಿದು ಕೂತರೆ ಉರಿ ನೆಗೆಯುವ ಬದಲು ಬತ್ತಿಯಂತೆ ಒಂದೊಂದೇ ಕಾಳು ಸುಟ್ಟುಕೊಂಡು ಸಾಗಬೇಕಾಗುತ್ತದೆ. ಅಷ್ಟರಲ್ಲಿ ಗುರಿ ಅಲುಗಿರುತ್ತದೆ. ಬಲ್ಲವರು ಮೊದಲು ಸಣ್ಣ ತಂತಿಯಿಂದ ತೂತು ಚುಚ್ಚಿ, ಬಟ್ಟಲು ಒರೆಸಿ, ಮೂರನೇ ಒಂದು ಪಾಲಿನಷ್ಟು ರಂಜಕ ಹಾಕಿ ತೂತಿನ ಬಾಯಿಯ ಕೆಳಗೆ ಸಮನಾಗಿ ಹರಡಿ ಮುಚ್ಚುತ್ತಾರೆ. ಒರೆಸುವುದು ಬರಿಯ ಮಡಿವಂತಿಕೆಯಲ್ಲ. ಮದ್ದು ಉರಿದು ಉಳಿದ ಮಸಿಯಲ್ಲಿರುವ ಲವಣಗಳು ಗಾಳಿಯ ತೇವ ಹೀರುತ್ತವೆ. ಜುಲೈ ತಿಂಗಳ ಕುಮಟಾದ ಗಾಳಿಯಲ್ಲಿ ಆ ಮಸಿ ಬೇಗನೆ ಕೆಸರಾಗಿ, ಮೇಲೆ ಹಾಕಿದ ಹೊಸ ರಂಜಕವನ್ನೂ ಕೆಡಿಸುತ್ತದೆ.

ಸೈನಿಕರು ಇಷ್ಟೆಲ್ಲ ಅಳೆಯುತ್ತಿರಲಿಲ್ಲ, ತೋಟೆಯ ಕಾಗದ ಹಲ್ಲಲ್ಲಿ ಹರಿದು ಅದರಿಂದಲೇ ಬಟ್ಟಲಿಗೆ ಸುರಿಯುತ್ತಿದ್ದರು ಎಂಬ ಆಕ್ಷೇಪವೂ ಇದೆ. ಸೇನೆಯ ಮಟ್ಟಿಗೆ ಅದು ಸರಿ. ಇದೇ ಸೀಮೆಯ ಉದಾಹರಣೆ ನೋಡಿ: 1783ರಲ್ಲಿ ಹೊನ್ನಾವರದ ಕೋಟೆಯೊಳಗೆ ಕ್ಯಾಪ್ಟನ್ ಟೊರಿಯಾನೊನ ಕಂಪನಿ ಪಡೆ, ಹೊರಗೆ ಮುತ್ತಿಗೆ ಹಾಕಿದ ಟಿಪ್ಪುವಿನ ಸೇನೆ. ಇಬ್ಬರ ಬಳಿಯೂ ಚಕಮಕಿ ಕೋವಿಗಳಿದ್ದವು. ನೂರು ಜನ ಒಟ್ಟಿಗೆ ಹೊಡೆಯುವಾಗ ಹತ್ತಾರು ಈಡು ಹುಸಿಯಾದರೂ ಸಾಲು ನಿಲ್ಲುತ್ತದೆ. ಹಂದಿಯೆದುರು ಒಬ್ಬನೇ ನಿಂತವನಿಗೆ ಆ ಅನುಕೂಲವಿಲ್ಲ. ಹಾಗಾಗಿ ಈ ಕಸುಬಿನ ನಿಜವಾದ ಸೂಕ್ಷ್ಮವನ್ನು ಸೇನೆಗಿಂತ ಒಂಟಿ ಬೇಟೆಗಾರನಲ್ಲಿ ಹುಡುಕುವುದೇ ಸರಿ. ಕೇಪು ಬಂದ ಮೇಲೆ ಬಟ್ಟಲು ಹೋಯಿತು, ತೂತು ಹೋಗಲಿಲ್ಲ; ಕೇಪು ಕೂರುವ ಮೊಳೆಯ ನಡುವಿನ ಆ ಕಂಡಿ ಕಟ್ಟಿಕೊಂಡರೆ ಇಂದಿನ ಕೋವಿಯೂ ಹಾರುವುದಿಲ್ಲ, ಅದಕ್ಕೂ ಅದೇ ತಂತಿ ಬೇಕು.