ಲಿಂಕನ್ ಕಾಲದ ವಿಲಾಯತಿ ಹತ್ತಿ

‘ಬೋಸ್ಟನ್ ಟೀ ಪಾರ್ಟಿ ನಡೆದ ವರ್ಷ?’ ‘1773.’ ‘ಅಮೆರಿಕದಲ್ಲಿ ಇಂಗ್ಲೆಂಡಿನ ವಸಾಹತುಗಳೆಷ್ಟು?’ ‘ಹದಿಮೂರು.’ ಪರೀಕ್ಷೆ ಹತ್ತಿರ ಬಂದಾಗ ಹಾನಗಲ್ಲಿನ ಒಂಬತ್ತನೇ ತರಗತಿ ಹುಡುಗ ನಿದ್ದೆಗಣ್ಣಿನಲ್ಲೂ ಇಷ್ಟು ಹೇಳುತ್ತಾನೆ. ಒಂದು ಅಂಕ ಬಂತು, ಅಮೆರಿಕ ಮುಗಿಯಿತು.

ಆ ಅಮೆರಿಕ ಅವನ ಜಿಲ್ಲೆಯ ಎರೆಹೊಲಕ್ಕೆ ಬಂದ ಕಥೆ ಮಾತ್ರ ಗೈಡಿನಲ್ಲಿಲ್ಲ.

ಹಾನಗಲ್, ಸವಣೂರು, ಶಿಗ್ಗಾಂವಿ, ಹಿರೇಕೆರೂರು ಇರುವ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಇದೆಲ್ಲ ಧಾರವಾಡ ಸೀಮೆ. ಇಲ್ಲಿನ ಜವಾರಿ ಹತ್ತಿಗೆ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ’. ಬೆಳೆದದ್ದು ಘಟ್ಟದ ಮೇಲೆ, ಹಡಗು ಹತ್ತಿದ್ದು ಕುಮಟಾದಲ್ಲಿ. ಹೆಸರು ಬಂದರಿನ ಪಾಲಾಯಿತು! 1840ರ ದಶಕದಲ್ಲಿ ಕಂಪನಿ ಸರ್ಕಾರ ನ್ಯೂ ಆರ್ಲಿಯನ್ಸ್ ತಳಿಯ ಬೀಜ ತರಿಸಿ ಇಲ್ಲಿ ಬಿತ್ತಿಸಿತು. ಅದು ರೈತರ ಬಾಯಲ್ಲಿ ‘ವಿಲಾಯತಿ ಹತ್ತಿ’, ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’.

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಅಧ್ಯಕ್ಷ ಲಿಂಕನ್ ದಕ್ಷಿಣ ರಾಜ್ಯಗಳ ಬಂದರುಗಳಿಗೆ ದಿಗ್ಬಂಧನ ಹಾಕಿದ. ಇಂಗ್ಲೆಂಡಿನ ಲ್ಯಾಂಕಾಷೈರ್ ಗಿರಣಿಗಳ ಹತ್ತಿಯಲ್ಲಿ ಬಹುಪಾಲು ಬರುತ್ತಿದ್ದದ್ದು ಅಲ್ಲಿಂದಲೇ. ಗಿರಣಿಗಳು ನಿಂತವು, ನಮ್ಮ ಹತ್ತಿಯ ಬೆಲೆ ಗಗನಕ್ಕೇರಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯ ಬಿಟ್ಟು ಮುಂಬಯಿಗೆ ಸೇರಿತು. ಕಾರವಾರ ಬಂದರಿನಿಂದ ಹತ್ತಿ ಸಾಗಿಸುವ ಮ್ಯಾಂಚೆಸ್ಟರಿನ ಹಟವೇ ಇದರ ಹಿಂದಿತ್ತು. ದುಡ್ಡು ಬಂದಲ್ಲಿ ಕಲಬೆರಕೆ ಬಾರದೆ ಇರುತ್ತದೆಯೇ? ಹತ್ತಿಯ ಮೋಸ ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ನೆಲ ಕಚ್ಚಿತು, ಮುಂಬಯಿಯ ಷೇರುಪೇಟೆಯೂ ಮಗುಚಿತು.

ವಿಲಾಯತಿ ಹತ್ತಿಯ ಜಾತಿ ಮಾತ್ರ ಇಲ್ಲೇ ಉಳಿಯಿತು. 1972ರಲ್ಲಿ ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ ರೂಪಿಸಿದ ‘ವರಲಕ್ಷ್ಮಿ’ ಹೈಬ್ರಿಡ್‌ಗೆ ತಾಯಿ-ತಂದೆ ಎರಡೂ ಅಮೆರಿಕ ಮೂಲದ ಹತ್ತಿಯ ಜಾತಿಗಳೇ. ಹಾಗೆ ನೋಡಿದರೆ ನಮ್ಮ ಗೋವಿನಜೋಳವೂ ಬ್ಯಾಡಗಿ ಮೆಣಸಿನಕಾಯಿಯೂ ಕೊಲಂಬಸ್‌ನ ಹಿಂದೆಯೇ ಸಮುದ್ರ ದಾಟಿದವು.

ಪ್ರಶ್ನೋತ್ತರದ ಓದನ್ನು ನಾನು ಹಳಿಯುವುದಿಲ್ಲ. ಬಾಯಿಪಾಠದ ಇಸವಿಗಳಿಲ್ಲದಿದ್ದರೆ ಮೇಲಿನ ಕಥೆ ಹೇಳಲು ನನಗೂ ಆಗುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವ ಮಾಸ್ತರರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಈ ಸಲ ಮೂರು ಅಂಕಕ್ಕೆ ಇದೂ ಒಂದು ಇರಲಿ — ‘ಲಿಂಕನ್ ಬಂದರು ಮುಚ್ಚಿದಾಗ ಧಾರವಾಡ ಸೀಮೆಯ ಹತ್ತಿಯ ಬೆಲೆ ಏಕೆ ಏರಿತು?’