ಈ ಸೊಪ್ಪು ಯಾರ ಹಿತ್ತಲದ್ದು?

ಬಣಕಲ್ಲಿನಿಂದ ರಾತ್ರಿ ಹೊರಟರೆ ಬೆಳಕು ಹರಿಯುವ ಹೊತ್ತಿಗೆ ಮೆಜೆಸ್ಟಿಕ್. ಆಸ್ಪತ್ರೆ, ಕೋರ್ಟು, ಮಕ್ಕಳ ಕಾಲೇಜು ಸೀಟು ಎಂದು ನಮ್ಮ ಕಡೆಯವರು ಬೆಂಗಳೂರಿಗೆ ಹೋಗಿ ನಾಲ್ಕು ದಿನ ಲಾಡ್ಜಿನಲ್ಲಿ ಉಳಿಯುವುದು ಹೊಸದೇನಲ್ಲ. ಅಪ್ಪನ ಎರಡೂ ಕಣ್ಣಿನ ಪೊರೆ ವಾರದ ಅಂತರದಲ್ಲಿ ತೆಗೆಸಬೇಕಿದ್ದರಿಂದ ನಾವಿಬ್ಬರೂ ಜಯನಗರದ ಒಂದು ಲಾಡ್ಜಿನಲ್ಲಿ ಹತ್ತು ದಿನ ಇದ್ದೆವು. ಎರಡನೇ ದಿನ ಮಧ್ಯಾಹ್ನ ಹೋಟೆಲಿನಲ್ಲಿ ಅಪ್ಪ ಪಲ್ಯಕ್ಕೆ ಕೈ ಹಾಕುವ ಮೊದಲು ಮಾಣಿಯನ್ನು ಕೇಳಿದರು: "ಮಾರಾಯ, ಈ ಸೊಪ್ಪು ಯಾರ ಹಿತ್ತಲದ್ದು?" ಹುಡುಗ ನಗಲಿಲ್ಲ. "ಮಾರ್ಕೆಟ್‌ನಿಂದ ಬರುತ್ತೆ ಯಜಮಾನ್ರೇ, ಅದರಾಚೆ ನಂಗೊತ್ತಿಲ್ಲ" ಎಂದ. ಉಳಿದ ದಿನಗಳಲ್ಲಿ ಬಿಡುವಾದಾಗಲೆಲ್ಲ ನಾನು ಆ ಪ್ರಶ್ನೆಯನ್ನೇ ಹಿಡಿದು, ಸಾವಯವ ಊಟ ಹುಡುಕುತ್ತ ಊರು ಸುತ್ತಿದೆ.

ನಮ್ಮಲ್ಲಿ ಕೆಸು ಹಳ್ಳದ ಬದಿಯಲ್ಲಿ ತಾನಾಗಿ ಬರುತ್ತದೆ, ಮಳೆಗಾಲಕ್ಕೆ ಕಳಲೆ ಮೊಳೆಯುತ್ತದೆ, ಬಸಳೆ ಚಪ್ಪರಕ್ಕೆ ಬಚ್ಚಲ ನೀರೇ ಸಾಕು. ಇವನ್ನು ಯಾರೂ ಸಾವಯವ ಎಂದು ಕರೆಯುವುದಿಲ್ಲ. ಹಾಗೆಂದು ಮಲೆನಾಡಿನಿಂದ ಬಂದದ್ದೆಲ್ಲ ಸಾವಯವ ಎಂದು ನಂಬಿಸುವುದೂ ತಪ್ಪು. ಕಾಫಿ ತೋಟಗಳಿಗೆ ಗೊಬ್ಬರದ ಚೀಲ ಇಳಿಯುತ್ತದೆ. ಕಾಂಡಕೊರಕ, ಕಾಯಿಕೊರಕಕ್ಕೆ ಔಷಧಿ ಹೊಡೆಯುವವರಿದ್ದಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣವನ್ನು 100 ಲೀಟರ್ ನೀರಿಗೆ ಹಾಕಿ ಮಾಡುವ ಬೋರ್ಡೋ ದ್ರಾವಣವನ್ನು ಸಾವಯವ ನಿಯಮವೂ ಒಂದು ಮಿತಿಯಲ್ಲಿ ಒಪ್ಪುತ್ತದೆ. ಉಳಿದ ಎಷ್ಟನ್ನೋ ಒಪ್ಪುವುದಿಲ್ಲ. ಜಪಾನಿನ ಫುಕುವೋಕಾ ಅವರ ಬೇಸಾಯವನ್ನು 'ಸಹಜ ಕೃಷಿ' ಎಂಬ ಪುಸ್ತಕದಲ್ಲಿ ಕನ್ನಡಿಗರಿಗೆ ಪರಿಚಯಿಸಿದ ಲೇಖಕ ಪೂರ್ಣಚಂದ್ರ ತೇಜಸ್ವಿ ನಮ್ಮ ಮೂಡಿಗೆರೆಯ ತೋಟದಲ್ಲೇ ಇದ್ದರು. ಅಂಥ ತಾಲ್ಲೂಕಿನವರಾದ ನಾವು ಈ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಎಚ್ಚರವಿರಬೇಕು ಎಂದು ನನಗನ್ನಿಸುತ್ತದೆ.

ಬೆಂಗಳೂರಿನ ಹೋಟೆಲುಗಳಿಗೆ ತರಕಾರಿ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಯಿಂದಲೋ ಕಲಾಸಿಪಾಳ್ಯದಿಂದಲೋ ಬಂದು ಬೀಳುತ್ತದೆ. ನೂರು ಊರಿನ ಮಾಲು ಅಲ್ಲಿ ಬೆರೆತಿರುತ್ತದೆ. ಅಡುಗೆ ಭಟ್ಟರಿಗೆ ಅದರ ಮೂಲ ಗೊತ್ತಿರಲು ಸಾಧ್ಯವಿಲ್ಲ. ಒಂದು ಕಡೆ ಬೋರ್ಡಿನಲ್ಲಿ 'ಸಾವಯವ ಊಟ' ಎಂದಿತ್ತು. ವಿಚಾರಿಸಿದಾಗ ಅಕ್ಕಿಯೊಂದೇ ಸಾವಯವ, ಎಣ್ಣೆ, ಬೇಳೆ, ತರಕಾರಿ ಎಲ್ಲ ಮಾಮೂಲಿ ಎಂದು ತಿಳಿಯಿತು. ಆದ್ದರಿಂದ "ಸಾವಯವವೇ?" ಎಂದು ಕೇಳಬೇಡಿ. "ಯಾವುದು ಸಾವಯವ, ಎಲ್ಲಿಂದ ತರಿಸುತ್ತೀರಿ?" ಎಂದು ಕೇಳಿ. ನಿಜವಾಗಿ ತರಿಸುವವರು ರೈತರ ಊರನ್ನೇ ಹೇಳುತ್ತಾರೆ.

ಅಂಗಡಿಯಲ್ಲಿ ಕೊಳ್ಳುವುದಾದರೆ ಪೊಟ್ಟಣದ ಮೇಲಿನ ಗುರುತನ್ನು ಓದಲು ಕಲಿಯುವುದು ಕಷ್ಟವಲ್ಲ. 2017ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಸಾವಯವ ಆಹಾರಕ್ಕೆಂದೇ ನಿಯಮ ತಂದು 'ಜೈವಿಕ್ ಭಾರತ್' ಎಂಬ ಹಸಿರು ಮುದ್ರೆ ಕೊಟ್ಟಿತು. ಅದರ ಹಿಂದೆ ಎರಡು ದಾರಿಗಳಿವೆ. ಎನ್‌ಪಿಒಪಿ ಎಂಬುದರಲ್ಲಿ ಹೊರಗಿನ ಪ್ರಮಾಣನ ಸಂಸ್ಥೆ ತೋಟಕ್ಕೆ ಬಂದು ಲೆಕ್ಕಪುಸ್ತಕ, ಮಣ್ಣು, ಗೋದಾಮು ನೋಡುತ್ತದೆ. ರಾಗಿ, ಭತ್ತದಂಥ ಬೆಳೆಗೆ 2 ವರ್ಷ, ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ 3 ವರ್ಷ ರಾಸಾಯನಿಕ ಬಿಟ್ಟು ಕಾಯಬೇಕು. ಇಳುವರಿ ಕುಸಿದು, ಬೆಲೆ ಮಾತ್ರ ಏರದ ಆ ಕಾಯುವ ವರ್ಷಗಳಲ್ಲೇ ಹಲವರು ಸೋತು ಕೈಬಿಡುತ್ತಾರೆ. ಇನ್ನೊಂದು ಪಿಜಿಎಸ್. ಇಲ್ಲಿ ಊರಿನ ರೈತರ ಗುಂಪೇ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಹೊಣೆ ಹೊರುತ್ತದೆ. ಪೊಟ್ಟಣದಲ್ಲಿ 'ಪಿಜಿಎಸ್ ಗ್ರೀನ್' ಎಂದಿದ್ದರೆ ಆ ಹೊಲ ಇನ್ನೂ ಪರಿವರ್ತನೆಯ ಹಾದಿಯಲ್ಲಿದೆ ಎಂದರ್ಥ. ತಾನು ಬೆಳೆದದ್ದನ್ನು ತಾನೇ ಮಾರುವ ಸಣ್ಣ ರೈತನಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಮುದ್ರೆ ಹಾಕುವಂತಿಲ್ಲ, ಅಷ್ಟೇ. ಹಾಗಾಗಿ ಮುದ್ರೆ ಇಲ್ಲದ ಬುಟ್ಟಿಯನ್ನು ತಳ್ಳಿಹಾಕಬಾರದು, ಮಾತಾಡಿಸಬೇಕು.

ಸಾವಯವ ಕೃಷಿ ನೀತಿಯನ್ನು 2004ರಲ್ಲೇ ತಂದ ರಾಜ್ಯ ನಮ್ಮದು. ಅದಕ್ಕೆ ತಕ್ಕ ಹಾಗೆ ರೈತರ ಸಂಘಟನೆಗಳೂ ಇಲ್ಲಿ ಬೆಳೆದಿವೆ. ಜಿ. ಕೃಷ್ಣಪ್ರಸಾದ್ ಮತ್ತು ಗೆಳೆಯರು ಕಟ್ಟಿದ 'ಸಹಜ ಸಮೃದ್ಧ' ದೇಸಿ ಬೀಜ ಉಳಿಸುವ ರೈತರ ಬಳಗ. 2010ರಲ್ಲಿ ಅದರಿಂದ ರೈತರದೇ ಕಂಪನಿಯೊಂದು ಹುಟ್ಟಿ, 'ಸಹಜ ಆರ್ಗಾನಿಕ್ಸ್' ಹೆಸರಿನಲ್ಲಿ ಅಕ್ಕಿ, ಸಿರಿಧಾನ್ಯ, ಬೇಳೆಗಳು ನಗರಕ್ಕೆ ಬಂದವು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಅವರು ನಡೆಸುವ ಗೆಡ್ಡೆ ಗೆಣಸು ಮೇಳಕ್ಕೆ ಹೋದವರಿಗೆ ಜೋಯಿಡಾದ ಕುಣಬಿ ರೈತರು ತರುವ ಆನೆಕಾಲಿನಷ್ಟು ದಪ್ಪದ ಗೆಡ್ಡೆಗಳು ಮರೆಯುವುದಿಲ್ಲ. ಹಾಪ್‌ಕಾಮ್ಸ್ ಮಳಿಗೆಯನ್ನೂ ಸಾವಯವ ಎಂದು ತಿಳಿಯುವವರಿದ್ದಾರೆ. 1959ರಿಂದ ಇರುವ ಆ ಸಹಕಾರ ಸಂಘ ರೈತರಿಂದ ನೇರವಾಗಿ ಕೊಳ್ಳುತ್ತದೆ, ಮಾಲು ತಾಜಾ ಇರುತ್ತದೆ. ಸಾವಯವ ಎಂಬುದು ಬೇರೆಯೇ ಮಾತು.

ಆದರೆ ಲಾಡ್ಜಿನ ಕೋಣೆಯಲ್ಲಿ ಒಲೆ ಇಲ್ಲ. ಅಕ್ಕಿ ಕೊಂಡು ಮಾಡುವುದೇನು? ನಮ್ಮನ್ನು ಉಳಿಸಿದ್ದು ಹುರಿಹಿಟ್ಟು. ರಾಗಿಗೆ ನೀರು ಚಿಮುಕಿಸಿ, ಒತ್ತಿ ಮುಚ್ಚಿಟ್ಟು, ಕಾದ ಬಾಣಲೆಗೆ ಹಾಕಿದರೆ ಸಾಸಿವೆಯಷ್ಟು ಕಾಳು ಬೆಳ್ಳಗೆ ಅರಳುತ್ತದೆ. ಆ ಅರಳನ್ನು ಬೀಸಿದರೆ ಹುರಿಹಿಟ್ಟು. ಬೇಯಿಸುವ ಕೆಲಸವಿಲ್ಲ. ಸ್ಟೀಲ್ ಲೋಟದಲ್ಲಿ ಬೆಲ್ಲ ಕುಟ್ಟಿ ಹಾಕಿ, ಬಿಸಿನೀರಲ್ಲಿ ಕರಗಿಸಿ, ಎರಡು ಚಮಚ ಹಿಟ್ಟು ಉದುರಿಸಿ ಕದಡಿದರೆ ಕೋಣೆಯೆಲ್ಲ ಹುರಿದ ರಾಗಿಯ ವಾಸನೆ. ಅಪ್ಪನಿಗೆ ಬೆಳಗಿನ ತಿಂಡಿ ಅದೇ ಆಯಿತು. ಜೊತೆಗೆ ನೆನೆಸಿದ ಅವಲಕ್ಕಿ, ಕಡಲೆಬೀಜ, ಏಲಕ್ಕಿ ಬಾಳೆ. ಬೆಲ್ಲ ಕೊಳ್ಳುವಾಗ ಮಾತ್ರ ಒಂದು ವಿಷಯ ತಿಳಿದಿರಲಿ: ಹಳದಿಯಾಗಿ ಹೊಳೆಯುವ ಅಚ್ಚಿಗೆ ಸಾಮಾನ್ಯವಾಗಿ ಹೈಡ್ರಾಸ್ ಎಂಬ ರಾಸಾಯನಿಕ ಬಿದ್ದಿರುತ್ತದೆ. ಕಪ್ಪು ಬೆಲ್ಲಕ್ಕೆ ಅದು ಬಿದ್ದಿಲ್ಲದಿರಬಹುದು, ಆದರೆ ಕಬ್ಬಿಗೆ ಯೂರಿಯಾ ಹಾಕಿಲ್ಲ ಎಂದು ಬಣ್ಣ ನೋಡಿ ಹೇಳಲಾಗದು.

ಎರಡನೇ ಭಾನುವಾರ ಅಪ್ಪನಿಗೆ ಕಪ್ಪು ಕನ್ನಡಕ ಹಾಕಿಸಿ ಬನ್ನೇರುಘಟ್ಟ ರಸ್ತೆಯ 'ರಾಗಿ ಕಣ'ಕ್ಕೆ ಕರೆದೊಯ್ದೆ. ರಂಗಕರ್ಮಿ ಪ್ರಸನ್ನರ ಪ್ರೇರಣೆಯ ಗ್ರಾಮ ಸೇವಾ ಸಂಘದವರು ಕಟ್ಟಿದ ಭಾನುವಾರದ ಸಂತೆ ಅದು. ಕೈಮಗ್ಗದ ಬಟ್ಟೆಯ ಪಕ್ಕದಲ್ಲೇ ಧಾನ್ಯ, ಸೊಪ್ಪು, ಊಟ. ಹರಿವೆ ಸೊಪ್ಪಿನ ಕಟ್ಟುಗಳ ಮುಂದೆ ಕೂತಿದ್ದ ಹೆಂಗಸಿಗೆ ಅಪ್ಪ ಅದೇ ಪ್ರಶ್ನೆ ಹಾಕಿದರು. "ನಮ್ದೇ ಯಜಮಾನ್ರೇ, ಇವತ್ ಬೆಳಿಗ್ಗೆ ನಾನೇ ಕಿತ್ತಿದ್ದು" ಎಂದು ಆಕೆ ಬೇರಿಗೆ ಅಂಟಿದ್ದ ಕೆಂಪು ಮಣ್ಣನ್ನು ಬೆರಳಲ್ಲಿ ಉದುರಿಸಿ ತೋರಿಸಿದಳು. ಕೊಟ್ಟಿಗೆ ಗೊಬ್ಬರ ಎಷ್ಟು, ಹುಳ ಬಂದರೆ ಏನು ಮಾಡುತ್ತೀಯ, ಬೀಜ ಯಾರದು ಎಂದೆಲ್ಲ ಇಬ್ಬರೂ ಅರ್ಧ ಗಂಟೆ ಮಾತಾಡಿದರು.

ಒಲೆ ಇಲ್ಲವೆಂದು ಗೊತ್ತಿದ್ದೂ ಅಪ್ಪ ಎರಡು ಕಟ್ಟು ಕೊಂಡರು. ಲಾಡ್ಜಿನ ಹಿಂದಿನ ಗಲ್ಲಿಯಲ್ಲಿ ಒಂದು ಸಣ್ಣ ಮೆಸ್ಸಿತ್ತು. "ಅಮ್ಮಾ, ಇದನ್ನೊಂದಿಷ್ಟು ಬೇಯಿಸಿ ಕೊಡ್ತೀರಾ?" ಎಂದು ಕೇಳಿದೆವು. ಆಕೆ ಸೊಪ್ಪನ್ನು ಮೂಸಿ ನೋಡಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿ, ಅರ್ಧ ತನಗೂ ಇಟ್ಟುಕೊಳ್ಳುತ್ತೇನೆಂದು ಹೇಳಿಯೇ ತಂದು ಬಡಿಸಿದರು. ಅಪ್ಪ ಎರಡು ಸಲ ಹಾಕಿಸಿಕೊಂಡರು.